ಕ್ಲ್ಯಾಂಪ್ ಹಾಕಿದ ಹೊತ್ತಿನಲ್ಲಿ ಮಿದುಳನ್ನು ನೋಡುವವರು ಯಾರು?

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ನಿಮ್ಮ ಆರೋಗ್ಯ ಪುಟದಲ್ಲಿ ಕುತ್ತಿಗೆಯ ರಕ್ತನಾಳದ ಶಸ್ತ್ರಚಿಕಿತ್ಸೆಯ ಕುರಿತು ಬಂದ ಲೇಖನ ಓದಿದೆ. ಲಕ್ವ ಹೊಡೆಯುವ ಮುಂಚೆ ಶರೀರ ಕೊಡುವ ಸೂಚನೆಗಳನ್ನು ಲೇಖಕರು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಹತ್ತು ನಿಮಿಷ ಕೈ ಜೋಮು ಹಿಡಿದದ್ದು, ಮಾತು ತೊದಲಿದ್ದು, ಒಂದು ಕಣ್ಣಿಗೆ ಪರದೆ ಇಳಿದಂತಾಗಿ ಮತ್ತೆ ಸರಿಹೋದದ್ದು, ಇದನ್ನೆಲ್ಲ ಗ್ಯಾಸು, ಪಿತ್ತ ಎಂದು ತಳ್ಳಿಹಾಕುವವರು ನಮ್ಮ ಹೋಟೆಲಿನವರಲ್ಲಿ ತುಂಬ ಇದ್ದಾರೆ. ಅಂಥ ಮನೆಗಳಿಗೆ ಆ ಪುಟ ತಲುಪಿದ್ದರೆ ಅದೇ ದೊಡ್ಡ ಉಪಕಾರ. ಆದರೆ ಶಸ್ತ್ರಚಿಕಿತ್ಸೆಯ ವಿಚಾರಕ್ಕೆ ಬಂದಾಗ ಲೇಖನ, ನಾಳವನ್ನು ಸೀಳಿ ಒಳಗೆ ಕಟ್ಟಿಕೊಂಡ ಪದರ ತೆಗೆದು ಹೊಲಿಯುತ್ತಾರೆ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿತು. ಆ ಸಾಲಿನ ಒಳಗೆ ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಅಡಗಿದೆ. ಆ ಹೊತ್ತಿನಲ್ಲಿ ನಡೆಯುವುದನ್ನು ಹತ್ತಿರದಿಂದ ಕಂಡವಳಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಹಾಕಿ.

ನಾನು ಕುಂದಾಪುರದ ಕಡೆಯವಳು, ಮದುವೆಯಾಗಿ ಮುಂಬಯಿಗೆ ಬಂದವಳು. ಇಲ್ಲಿಯ ಆಸ್ಪತ್ರೆಗಳಲ್ಲಿ ಇಇಜಿ ತಂತ್ರಜ್ಞೆಯಾಗಿ ಬಹಳ ವರ್ಷ ದುಡಿದಿದ್ದೇನೆ. ಇಇಜಿ ಎಂದರೆ ಮಿದುಳಿನ ವಿದ್ಯುತ್ತನ್ನು ಅಲೆಗಳಾಗಿ ಬರೆದು ತೋರಿಸುವ ಪರೀಕ್ಷೆ. ಫಿಟ್ಸ್ ಬರುವವರ ತಲೆಗೆ ವೈರು ಅಂಟಿಸಿ ಅದನ್ನು ತೆಗೆಯುತ್ತಾರೆ ಎಂದಷ್ಟೇ ಜನರಿಗೆ ಗೊತ್ತು. ಅದೇ ಯಂತ್ರ ಆಪರೇಷನ್ ಥಿಯೇಟರಿನೊಳಗೂ ಹೋಗುತ್ತದೆ. ಮಿದುಳಿಗೆ ಹೋಗುವ ರಕ್ತವನ್ನು ವೈದ್ಯರೇ ಬೇಕೆಂದು ತಡೆಹಿಡಿಯುವ ಹೊತ್ತಿನಲ್ಲಿ ಮಿದುಳು ಹೇಗಿದೆ ಎಂದು ಕ್ಷಣಕ್ಷಣಕ್ಕೂ ಅದು ತೋರಿಸುತ್ತದೆ. ತೋರಿಸಿದ್ದನ್ನು ಓದಲು ಒಬ್ಬರು ಅಲ್ಲಿ ಕೂತಿರಬೇಕು. ನನ್ನ ಮಾತೆಲ್ಲ ಆ ಒಬ್ಬರ ಬಗ್ಗೆ.

ಮೊದಲು ರಕ್ತ ಏಕೆ ನಿಲ್ಲುತ್ತದೆ ಎಂಬುದನ್ನು ಹೇಳುತ್ತೇನೆ. ಕುತ್ತಿಗೆಯ ಎರಡು ಬದಿಯಲ್ಲಿ ಬೆರಳಿಟ್ಟರೆ ಬಡಿಯುವುದು ತಿಳಿಯುವ ನಾಳಕ್ಕೆ ಕೆರೋಟಿಡ್ ಎನ್ನುತ್ತಾರೆ. ಅದು ದವಡೆಯ ಕೆಳಗೆ ಕವಲೊಡೆಯುವ ಜಾಗದಲ್ಲಿ ಬಿ.ಪಿ., ಶುಗರ್, ಬೀಡಿ, ಸಿಗರೇಟು ಎಲ್ಲ ಸೇರಿ ಕೊಬ್ಬಿನ ಪದರ ಕಟ್ಟುತ್ತದೆ. ಅದರ ಚೂರು ಕಿತ್ತು ಮೇಲೆ ಹೋದರೆ ಲಕ್ವ. ಸೂಚನೆ ಕಾಣಿಸಿಕೊಂಡು, ನಾಳ 70ರಿಂದ 99 ಶೇಕಡಾ ಮುಚ್ಚಿದವರಲ್ಲಿ ಆಪರೇಷನ್ ಎಷ್ಟು ಉಪಯೋಗಿ ಎಂಬುದನ್ನು 1991ರಲ್ಲಿ ಉತ್ತರ ಅಮೆರಿಕದ ದೊಡ್ಡ ಅಧ್ಯಯನವೊಂದು ಖಚಿತಪಡಿಸಿತು. ಬರೀ ಔಷಧಿಯಲ್ಲಿದ್ದವರಲ್ಲಿ ಎರಡು ವರ್ಷದೊಳಗೆ ಆ ಬದಿಯ ಲಕ್ವ ಹೊಡೆದದ್ದು 26 ಶೇಕಡಾ ಮಂದಿಗೆ, ಆಪರೇಷನ್ ಆದವರಲ್ಲಿ 9 ಶೇಕಡಾ ಮಂದಿಗೆ. ಹಾಗಾಗಿ ಆಪರೇಷನ್ನಿಗೆ ಹೆದರಬೇಡಿ ಎಂದೇ ನಾನೂ ಹೇಳುತ್ತೇನೆ. ಸೂಚನೆ ಬಂದ ಎರಡು ವಾರದೊಳಗೆ ಮಾಡಿಸಿಕೊಂಡರೆ ಲಾಭ ಹೆಚ್ಚು, ಊರ ಜಾತ್ರೆ ಮುಗಿಯಲಿ ಎಂದು ಮುಂದೂಡುವ ಕೆಲಸವಲ್ಲ ಅದು.

ನಾಳವನ್ನು ಸೀಳಬೇಕಾದರೆ ಅದರಲ್ಲಿ ರಕ್ತ ಹರಿಯುತ್ತಿರಬಾರದು. ಅದಕ್ಕೇ ಮೇಲೂ ಕೆಳಗೂ ಕ್ಲ್ಯಾಂಪ್, ಅಂದರೆ ನಾಳವನ್ನು ಒತ್ತಿ ಹಿಡಿಯುವ ಚಿಮಟ, ಹಾಕುತ್ತಾರೆ. ಆಗ ಆ ಬದಿಯ ಮಿದುಳಿಗೆ ರಕ್ತ ಬರಬೇಕಾದದ್ದು ಇನ್ನೊಂದು ಬದಿಯಿಂದ ಮತ್ತು ಕುತ್ತಿಗೆಯ ಹಿಂಬದಿಯ ನಾಳಗಳಿಂದ, ತಲೆಬುರುಡೆಯ ತಳದಲ್ಲಿರುವ ಒಂದು ನಾಳದ ಬಳೆಯ ಮೂಲಕ. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 1664ರಲ್ಲಿ ಅದನ್ನು ವಿವರಿಸಿದ್ದರಿಂದ ಇವತ್ತಿಗೂ ಅದಕ್ಕೆ ಅವನ ಹೆಸರು. ದೇವರು ಎಲ್ಲರಿಗೂ ಆ ಬಳೆಯನ್ನು ಒಂದೇ ಥರ ಮಾಡಿಲ್ಲ. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಅದರ ಯಾವುದೋ ಒಂದು ತುಂಡು ಸಣ್ಣದು, ಅಥವಾ ಇಲ್ಲವೇ ಇಲ್ಲ. ಹೆಚ್ಚಿನವರಿಗೆ ಕ್ಲ್ಯಾಂಪ್ ಹಾಕಿದರೂ ಏನೂ ಆಗುವುದಿಲ್ಲ, ಅಡ್ಡದಾರಿಯ ರಕ್ತ ಸಾಕಾಗುತ್ತದೆ. ಕೆಲವರಿಗೆ ಸಾಲುವುದಿಲ್ಲ. ಅಂಥವರ ನಾಳದೊಳಗೆ ಶಂಟ್ ಎಂಬ ಸಣ್ಣ ಪ್ಲಾಸ್ಟಿಕ್ ನಳಿಗೆ ಇಟ್ಟು, ಕೆಲಸ ಮುಗಿಯುವ ತನಕ ಅದರ ಮೂಲಕ ರಕ್ತ ಹರಿಸಬಹುದು. ಹಾಗಿದ್ದರೆ ಎಲ್ಲರಿಗೂ ಶಂಟ್ ಇಡಬಹುದಲ್ಲ ಎಂದು ಕೇಳಬಹುದು. ಎಲ್ಲರಿಗೂ ಇಡುವ ಸರ್ಜನ್ನರೂ ಇದ್ದಾರೆ. ಆದರೆ ಶಂಟ್ ತೂರಿಸುವಾಗ ಪದರದ ಚೂರು ಕಿತ್ತು ಮೇಲೆ ಹೋಗುವ, ಗಾಳಿಯ ಗುಳ್ಳೆ ಸೇರುವ, ನಾಳದ ಒಳಗೋಡೆ ಗೀರುವ ಭಯ ಇದೆ. ಬೇಕಾದವರಿಗೆ ಮಾತ್ರ ಇಡೋಣ ಎನ್ನುವವರು ಅದಕ್ಕೇ ಹಾಗೆನ್ನುತ್ತಾರೆ. ಬೇಕಾದವರು ಯಾರು ಎಂಬುದನ್ನು ಕ್ಲ್ಯಾಂಪ್ ಹಾಕಿದ ಮೊದಲ ಒಂದೆರಡು ನಿಮಿಷದಲ್ಲೇ ತಿಳಿಯಬೇಕು. ರೋಗಿ ಅರಿವಳಿಕೆಯಲ್ಲಿದ್ದಾನೆ, ಬಾಯಿ ಬಿಟ್ಟು ಹೇಳಲಾರ.

ಇಲ್ಲಿ ಮಿದುಳಿನ ಒಂದು ಗುಣ ನಮಗೆ ನೆರವಾಗುತ್ತದೆ. ದೇಹದ ತೂಕದಲ್ಲಿ ಮಿದುಳಿನ ಪಾಲು ಸುಮಾರು 2 ಶೇಕಡಾ. ದೇಹ ಬಳಸುವ ಆಮ್ಲಜನಕದಲ್ಲಿ ಅದರ ಪಾಲು ಸುಮಾರು 20 ಶೇಕಡಾ. ಕೂಡಿಡುವ ಪದ್ಧತಿ ಅದಕ್ಕಿಲ್ಲ, ಬಂದಷ್ಟನ್ನು ಆಗಲೇ ಖರ್ಚು ಮಾಡುತ್ತದೆ. ಆರೋಗ್ಯವಂತರಲ್ಲಿ 100 ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಬರುತ್ತಿರುತ್ತದೆ. ಇದು 20-25ರ ಹತ್ತಿರ ಇಳಿದಾಗ ಇಇಜಿಯ ಅಲೆಗಳು ಬದಲಾಗತೊಡಗುತ್ತವೆ. 15ರ ಸುತ್ತಮುತ್ತ ಬಂದಾಗ ಗೆರೆ ಚಪ್ಪಟೆಯಾಗುತ್ತದೆ. ಜೀವಕೋಶದ ಗೋಡೆಯೇ ಸೋತು ಕೋಶ ಸಾಯಲು ಶುರುವಾಗುವುದು ಇನ್ನೂ ಕೆಳಗೆ, 10ರ ಹತ್ತಿರ. ಅಂದರೆ ಮಿದುಳು ಸಾಯುವ ಮೊದಲು ಕೆಲಸ ನಿಲ್ಲಿಸುತ್ತದೆ. ಕೆಲಸ ನಿಲ್ಲಿಸಿದ್ದು ನಮಗೆ ಪರದೆಯ ಮೇಲೆ ಕಾಣುತ್ತದೆ. ಎರಡರ ನಡುವಿನ ಆ ಅಂತರದಲ್ಲಿ ಏನಾದರೂ ಮಾಡಲು ಸಮಯ ಸಿಗುತ್ತದೆ. ಅಮೆರಿಕದ ಮೇಯೊ ಕ್ಲಿನಿಕ್ಕಿನ ಶಾರ್‌ಬ್ರೊ, ಮೆಸಿಕ್, ಸುಂಟ್ ಎಂಬ ವೈದ್ಯರು ಇದೇ ಆಪರೇಷನ್ನಿನಲ್ಲಿ ರಕ್ತದ ಹರಿವನ್ನೂ ಇಇಜಿಯನ್ನೂ ಒಟ್ಟಿಗೆ ಅಳೆದು 1973ರಲ್ಲಿ ಪ್ರಕಟಿಸಿದರು. ಇಂದು ನಾವು ಮಾಡುವುದೆಲ್ಲ ಆ ಕೆಲಸದ ಮೇಲೆ ನಿಂತಿದೆ. ಅರಿವಳಿಕೆಯ ಅನಿಲ ಯಾವುದು ಎಂಬುದರ ಮೇಲೂ ಈ ಅಂಕಿ ಬದಲಾಗುತ್ತದೆ. ಹಳೆಯ ಹ್ಯಾಲೋಥೇನ್ ಕೊಟ್ಟಾಗ 20ರ ಹತ್ತಿರವೇ ಅಲೆ ಕೆಡುತ್ತಿತ್ತು, ಐಸೋಫ್ಲುರೇನ್‌ನಲ್ಲಿ 10ರ ಹತ್ತಿರದವರೆಗೂ ತಡೆದುಕೊಳ್ಳುತ್ತದೆ. ಪರದೆಯ ಮುಂದೆ ಕೂತವರಿಗೆ ಯಾವ ಅನಿಲ, ಎಷ್ಟು ಎಂದು ಗೊತ್ತಿರಲೇಬೇಕಾದ್ದು ಇದಕ್ಕೇ.

ಈಗ ಕೆಲಸದ ವಿಷಯ. ಜನರಿಗೆ ತಿಳಿಯಲಿ ಎಂದು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಥಿಯೇಟರಿಗೆ ಕರೆದೊಯ್ಯುವ ಮುಂಚೆ ರೋಗಿಯ ತಲೆ ನಮ್ಮ ಕೈಗೆ ಬರುತ್ತದೆ. ಮೂಗಿನ ಬುಡದ ತಗ್ಗಿನಿಂದ ಹಿಂದಲೆಯ ಉಬ್ಬಿನ ತನಕ ಟೇಪಿನಲ್ಲಿ ಅಳೆದು, ಆಮೇಲೆ ಕಿವಿಯಿಂದ ಕಿವಿಗೆ ಅಳೆದು, ಆ ಅಳತೆಯ 10 ಶೇಕಡಾ, 20 ಶೇಕಡಾ ದೂರದಲ್ಲಿ ಕೆಂಪು ಪೆನ್ಸಿಲಿನಿಂದ ಗುರುತು ಹಾಕುತ್ತೇವೆ. ಹರ್ಬರ್ಟ್ ಜಾಸ್ಪರ್ 1958ರಲ್ಲಿ ಪ್ರಕಟಿಸಿದ ಈ ಲೆಕ್ಕ ಜಗತ್ತಿನ ಎಲ್ಲ ಕಡೆ ಒಂದೇ. ಎಡಬದಿಗೆ ಬೆಸ ಸಂಖ್ಯೆ, ಬಲಬದಿಗೆ ಸಮ ಸಂಖ್ಯೆ. ಬಾಲದ ಬಾಚಣಿಗೆಯಿಂದ ಕೂದಲು ಸೀಳಿ, ಉಜ್ಜುವ ಜೆಲ್ ಹಚ್ಚಿ ಚರ್ಮದ ಜಿಡ್ಡು ತೆಗೆದು, ಒಂದೊಂದೇ ಬಟ್ಟಲಿನಂಥ ಎಲೆಕ್ಟ್ರೋಡ್ ಕೂರಿಸಿ, ಅಲ್ಲಾಡದಂತೆ ಕೊಲೋಡಿಯನ್ ಹಚ್ಚಿ ಒಣಗಿಸುತ್ತೇವೆ. ಅದರ ವಾಸನೆ ಕಟು, ಸೀರೆಗೆ ಹಿಡಿದರೆ ಲೋಕಲ್ ಟ್ರೈನಿನಲ್ಲಿ ಪಕ್ಕದವರು ತಿರುಗಿ ನೋಡುವಷ್ಟು. ನಮ್ಮವರ ತಲೆಯಲ್ಲಿ ತೆಂಗಿನೆಣ್ಣೆ ಇರುತ್ತದೆ. ಮರುದಿನ ಆಪರೇಷನ್ ಎಂದರೆ ತಲೆ ತಂಪಾಗಿರಲಿ ಎಂದು ಮನೆಯವರು ಇನ್ನಷ್ಟು ಹಚ್ಚಿ ಕಳಿಸುತ್ತಾರೆ. ಎಣ್ಣೆಯ ಮೇಲೆ ಎಲೆಕ್ಟ್ರೋಡ್ ಹಿಡಿಯುವುದಿಲ್ಲ. ಚರ್ಮದ ತಡೆ 5 ಕಿಲೋ ಓಮ್‌ಗಿಂತ ಕೆಳಗೆ ಬರುವ ತನಕ ಉಜ್ಜಬೇಕು, ಉಜ್ಜುವಾಗ ಹಿರಿಯರು ಮುಖ ಕಿವುಚುತ್ತಾರೆ. ಅಷ್ಟು ಕಟ್ಟುನಿಟ್ಟು ಏಕೆಂದರೆ ನಾವು ಹಿಡಿಯಬೇಕಾದ ವಿದ್ಯುತ್ತು ವೋಲ್ಟಿನ ಹತ್ತು ಲಕ್ಷದಲ್ಲಿ ಕೆಲವೇ ಭಾಗ. ಗೋಡೆಯ ಪ್ಲಗ್ಗಿನ 50 ಹರ್ಟ್ಸ್, ಟೇಬಲಿನ ಮೋಟಾರು, ರೋಗಿಗೆ ಹೊದಿಸಿದ ಬಿಸಿಗಾಳಿಯ ಹೊದಿಕೆ, ಸರ್ಜನ್ನರು ರಕ್ತ ನಿಲ್ಲಿಸಲು ಕರೆಂಟಿನಿಂದ ಸುಡುವ ಕಾಟರಿ, ಎಲ್ಲವೂ ಅದಕ್ಕಿಂತ ಜೋರು. ಜರ್ಮನಿಯ ಯೇನಾದಲ್ಲಿ ಹಾನ್ಸ್ ಬರ್ಗರ್ 1924ರಲ್ಲಿ ಮೊದಲ ಬಾರಿಗೆ ಮನುಷ್ಯನ ಇಇಜಿ ತೆಗೆದು, 1929ರ ತನಕ ಅದನ್ನು ಪ್ರಕಟಿಸಲಿಲ್ಲ. ಇಷ್ಟು ಸಣ್ಣ ವಿದ್ಯುತ್ತನ್ನು ಹಿಡಿಯುವ ಕಷ್ಟ ಬಲ್ಲವರಿಗೆ ಆ ಐದು ವರ್ಷ ಹೆಚ್ಚು ಅನ್ನಿಸುವುದಿಲ್ಲ.

ಅರಿವಳಿಕೆ ಕೊಟ್ಟ ಮೇಲೆ, ಕ್ಲ್ಯಾಂಪ್ ಹಾಕುವ ಮೊದಲು, ಆ ರೋಗಿಯ ಮಟ್ಟಿಗೆ ಸಹಜವಾದ ಗೆರೆ ಯಾವುದು ಎಂದು ಕೂತು ನೋಡುತ್ತೇವೆ. ಒಬ್ಬೊಬ್ಬರದು ಒಂದೊಂದು ಥರ. ಹಿಂದೆ ಸಣ್ಣ ಲಕ್ವ ಆದವರಲ್ಲಿ ಆ ಬದಿಯ ಅಲೆ ಮೊದಲೇ ಮಂಕಾಗಿರುತ್ತದೆ. ಅದನ್ನು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಆಮೇಲೆ ಏನು ಹೊಸದು, ಏನು ಹಳೆಯದು ಎಂದು ಹೇಳಲಾಗುವುದಿಲ್ಲ.

ಒಂದು ಕೇಸು ಹೇಳುತ್ತೇನೆ. ನಮ್ಮ ಊರಿನ ಕಡೆಯ ಹಿರಿಯರು, ಈ ನಗರದಲ್ಲೇ ಹೋಟೆಲು ನಡೆಸಿದವರು. ಎಡಗಡೆಯ ಕೆರೋಟಿಡ್. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟಾಯಿತು, ಸರ್ಜನ್ನರು 'ಕ್ಲ್ಯಾಂಪ್ ಆನ್' ಎಂದರು, ನಾನು ಗಂಟೆ ಬರೆದುಕೊಂಡೆ. ಮೊದಲು ಏನೂ ಇಲ್ಲ. ಆಮೇಲೆ ಎಡಬದಿಯ ಸಾಲುಗಳಲ್ಲಿ ಸಣ್ಣ ಸಣ್ಣ ವೇಗದ ಅಲೆಗಳು ತೆಳ್ಳಗಾಗತೊಡಗಿದವು. ಬಲಬದಿಯಲ್ಲಿ ಅವು ದಟ್ಟವಾಗಿಯೇ ಓಡುತ್ತಿದ್ದವು. ಒಂದು ನಿಮಿಷ ತುಂಬುವುದರೊಳಗೆ ಎಡದಲ್ಲಿ ವೇಗದ ಅಲೆಯೇ ಇರಲಿಲ್ಲ. ಸೆಕೆಂಡಿಗೆ ಒಂದೋ ಎರಡೋ ಬರುವ, ಅಗಲವಾದ ಡೆಲ್ಟಾ ಅಲೆ ಮಾತ್ರ ಉಳಿದಿತ್ತು. ನಾನು ಅರಿವಳಿಕೆ ಡಾಕ್ಟರ ಕಡೆ ತಿರುಗಿ ಏನಾದರೂ ಔಷಧಿ ಕೊಟ್ಟಿರಾ ಎಂದು ಕೇಳಿದೆ. ಇಲ್ಲ ಎಂದರು. ಬಿ.ಪಿ. ಇಳಿದಿರಲಿಲ್ಲ. ಎಡಬದಿ ಹೋಗಿದೆ ಎಂದು ಗಟ್ಟಿಯಾಗಿ ಹೇಳಿದೆ. ಅವರು ಬಿ.ಪಿ. ಇನ್ನೂ ಮೇಲಕ್ಕೇರಿಸಿ ನೋಡಿದರು, ಅಲೆ ಮರಳಲಿಲ್ಲ. ಸರ್ಜನ್ನರು ಶಂಟ್ ಕೇಳಿದರು. ಶಂಟ್‌ನಲ್ಲಿ ರಕ್ತ ಹರಿಯತೊಡಗಿ ಕೆಲವು ನಿಮಿಷದಲ್ಲಿ ಎಡಬದಿಯ ಸಾಲುಗಳಲ್ಲಿ ವೇಗದ ಅಲೆ ಮೊದಲು ಚುಕ್ಕೆಚುಕ್ಕೆಯಾಗಿ, ಆಮೇಲೆ ಪೂರ್ತಿಯಾಗಿ ತುಂಬಿಕೊಂಡಿತು.

ಎಡಮಿದುಳು ಎಂದರೆ ಬಲಗೈ, ಬಲಗಾಲು, ಮತ್ತು ಹೆಚ್ಚಿನವರಲ್ಲಿ ಮಾತು. ಆಪರೇಷನ್ ಮುಗಿದು ಎಚ್ಚರ ಬರುವಾಗ ಮೊದಲು ಪರೀಕ್ಷಿಸುವುದು ಅದನ್ನೇ. ಆ ದಿನ ರೆಸಿಡೆಂಟ್ ಡಾಕ್ಟರು ಹಿಂದಿಯಲ್ಲಿ ಕೇಳುತ್ತಿದ್ದರು, ಹಿರಿಯರು ಕಣ್ಣು ಬಿಟ್ಟು ಸುಮ್ಮನಿದ್ದರು. ಡಾಕ್ಟರ ಮುಖ ಸಣ್ಣದಾಯಿತು. ನಾನು ಬಗ್ಗಿ, "ಶೆಟ್ರೇ, ಬಲಗೈ ಒಂಚೂರು ಎತ್ತಿ ಕಾಂಬ" ಎಂದೆ. "ಎರಡೂ ಎತ್ಕಾ?" ಎಂದು ಕೇಳಿ ಎರಡನ್ನೂ ಎತ್ತಿದರು. ಅರಿವಳಿಕೆಯಿಂದ ಹೊರಬರುವಾಗ ಹಿರಿಯರಿಗೆ ಮೊದಲು ಮರಳುವುದು ಹುಟ್ಟಿದ ಊರಿನ ಮಾತು. ಈ ಸಂಗತಿ ಗೊತ್ತಿಲ್ಲದೆ ಮಾತು ಹೋಗಿದೆ ಎಂದು ಬರೆದುಬಿಡುವ ಸಂಭವ ಮುಂಬಯಿಯಂಥ ಊರಿನಲ್ಲಿ ಯಾವತ್ತೂ ಇದೆ. ರಿಕವರಿಗೆ ಕರೆತರುವ ಹೊತ್ತಿಗೆ ಮನೆಭಾಷೆ ಬಲ್ಲ ಒಬ್ಬರನ್ನು ಬಾಗಿಲ ಬಳಿ ನಿಲ್ಲಿಸಿಕೊಳ್ಳಿ ಎಂದು ಡಾಕ್ಟರಿಗೆ ಮೊದಲೇ ಹೇಳಿಡುವುದು ಒಳ್ಳೆಯದು.

ಆ ದಿನ ನಾನು ಅರಿವಳಿಕೆ ಡಾಕ್ಟರಿಗೆ ಕೇಳಿದ ಪ್ರಶ್ನೆಯನ್ನು ಗಮನಿಸಬೇಕು. ನಿದ್ರೆ ಬರಿಸುವ ಪ್ರೊಪೊಫಾಲ್ ಒಂದು ಸಿರಿಂಜು ಹೆಚ್ಚು ಕೊಟ್ಟರೂ ಅಲೆ ನಿಧಾನವಾಗುತ್ತದೆ, ಬಿ.ಪಿ. ಬಿದ್ದರೂ ಆಗುತ್ತದೆ, ಮೈ ತಣ್ಣಗಾದರೂ ಆಗುತ್ತದೆ. ಆಗೆಲ್ಲ ಸಾಮಾನ್ಯವಾಗಿ ಎರಡು ಬದಿಯೂ ಒಟ್ಟಿಗೆ ಇಳಿಯುತ್ತವೆ. ಕ್ಲ್ಯಾಂಪಿನಿಂದಾದರೆ ಹೆಚ್ಚಾಗಿ ಒಂದು ಬದಿ. ಆದರೆ ಅಡ್ಡದಾರಿಯ ರಕ್ತ ಎರಡು ಕಡೆಗೂ ಸಾಲದೆ ಹೋದರೆ ಕ್ಲ್ಯಾಂಪಿನಿಂದಲೇ ಎರಡೂ ಇಳಿಯುವುದುಂಟು. ಬಿ.ಪಿ. ಬಿದ್ದಾಗ ಮೊದಲು ಸೊರಗುವುದು ಎರಡು ದೊಡ್ಡ ನಾಳಗಳ ಸರಹದ್ದಿನಲ್ಲಿರುವ ಜಾಗ, ಮುನಿಸಿಪಾಲಿಟಿ ನೀರಿನ ಒತ್ತಡ ಕಮ್ಮಿಯಾದ ದಿನ ಕಟ್ಟಡದ ಕೊನೆಯ ಮಾಳಿಗೆಯ ನಲ್ಲಿ ಮೊದಲು ನಿಲ್ಲುವ ಹಾಗೆ. ಅಲ್ಲೂ ಒಂದು ಬದಿಯ ಕೆರೋಟಿಡ್ ಮೊದಲೇ ಕಿರಿದಾಗಿದ್ದರೆ ಬಿ.ಪಿ. ಬಿದ್ದದ್ದೂ ಒಂದೇ ಬದಿಯಲ್ಲಿ ಕಾಣಿಸಬಹುದು. ಇದನ್ನೆಲ್ಲ ಪರದೆ ತಾನಾಗಿ ಹೇಳುವುದಿಲ್ಲ. ಕೂತವರು ಥಿಯೇಟರಿನಲ್ಲಿ ನಡೆಯುವುದೆಲ್ಲದರ ಮೇಲೆ ಕಿವಿ ಇಟ್ಟಿದ್ದು, ಇದು ಔಷಧಿ, ಇದು ಕಾಟರಿ, ಇದು ರಕ್ತ ಎಂದು ಆ ಕ್ಷಣದಲ್ಲೇ ಬೇರೆ ಮಾಡಬೇಕು. ತಪ್ಪಿ ಎಚ್ಚರಿಕೆ ಕೊಟ್ಟರೆ ಬೇಡವಾದ ಶಂಟ್. ಎಚ್ಚರಿಕೆ ಕೊಡದೆ ಹೋದರೆ ಕೈಕಾಲು.

ಈಗೀಗ ಹಲವು ಕಡೆ ಹಣೆಗೆ ಒಂದು ಪಟ್ಟಿ ಅಂಟಿಸಿ, 0ರಿಂದ 100ರವರೆಗೆ ಅಂಕಿ ತೋರಿಸುವ ಬಿಐಎಸ್ ಯಂತ್ರ ಇಡುತ್ತಾರೆ. ಮಿದುಳಿನ ಮಾನಿಟರ್ ಇದೆಯಾ ಎಂದು ಮನೆಯವರು ಕೇಳಿದರೆ ಇದೆ ಎಂಬ ಉತ್ತರ ಬರುತ್ತದೆ. ಆ ಯಂತ್ರ ಇರುವುದು ಅರಿವಳಿಕೆ ಎಷ್ಟು ಆಳ ಎಂದು ತಿಳಿಯಲಿಕ್ಕೆ. ಎಡಮಿದುಳಿಗೆ ರಕ್ತ ಸಾಲುತ್ತಿಲ್ಲ ಎಂಬುದನ್ನು ಹಣೆಯ ಒಂದು ಪಟ್ಟಿಯಿಂದ ನಂಬಿ ಹೇಳಲಾಗುವುದಿಲ್ಲ. ಹಣೆಯ ಎರಡು ಬದಿಗೆ ಅಂಟಿಸಿ ಬೆಳಕಿನಿಂದ ಆಮ್ಲಜನಕ ಅಳೆಯುವ ಇನ್ನೊಂದು ಯಂತ್ರವಿದೆ, ಅದು ಉಪಯೋಗಿಯೇ, ಆದರೆ ನೋಡುವುದು ಮುಂದಲೆಯ ಒಂದು ಚೂರನ್ನು ಮಾತ್ರ. ಕೈ, ಮಾತು ಇರುವ ಜಾಗ ಅದರ ಕಣ್ಣಿಗೆ ಬೀಳುವುದಿಲ್ಲ. ಅಂಕಿ ನೋಡುವುದು ಸುಲಭ, ಗೆರೆ ಓದುವುದು ಕಷ್ಟ, ಕಷ್ಟದ್ದಕ್ಕೆ ಸಂಬಳ ಕೊಡಬೇಕಾಗುತ್ತದೆ. ಹೀಗೆ ಓದುವವರು ಥಿಯೇಟರಿನಿಂದ ಮೆಲ್ಲನೆ ಹೊರಗಾಗುತ್ತಿರುವುದನ್ನು ನೋಡಿ ನನಗೆ ಸಂಕಟವಾಗುತ್ತದೆ.

ಇಇಜಿಯೊಂದೇ ದಾರಿ ಎಂದು ನಾನು ಹೇಳುವುದಿಲ್ಲ, ಹೇಳಿದರೆ ಅದು ಸುಳ್ಳು. ಇಇಜಿ ನೋಡುವುದು ಮಿದುಳಿನ ಮೇಲ್ಪದರವನ್ನು. ಆಳದಲ್ಲಿ ಸಣ್ಣ ಜಾಗಕ್ಕೆ ರಕ್ತ ನಿಂತರೆ ಅದಕ್ಕೆ ತಿಳಿಯದೇ ಹೋಗಬಹುದು. ಮಣಿಕಟ್ಟಿನ ನರಕ್ಕೆ ಸಣ್ಣ ಕರೆಂಟು ಕೊಟ್ಟು ಅದು ಮಿದುಳನ್ನು ತಲುಪುವುದನ್ನು ಅಳೆಯುವ ಪರೀಕ್ಷೆಯನ್ನು ಜೊತೆಗೆ ಸೇರಿಸಿದರೆ ಆಳದ ದಾರಿಯ ಬಗ್ಗೆಯೂ ಸ್ವಲ್ಪ ತಿಳಿಯುತ್ತದೆ. ಈ ಆಪರೇಷನ್ನಿನಲ್ಲಿ ಆಗುವ ಲಕ್ವಗಳಲ್ಲಿ ಹೆಚ್ಚಿನವು ಚೂರು ಕಿತ್ತು ಹೋಗಿ ಆಗುವಂಥವು, ಅದನ್ನು ಇಇಜಿ ತಡೆಯಲಾರದು. ಕೆಲವು ಸರ್ಜನ್ನರು ಕ್ಲ್ಯಾಂಪಿನ ಮೇಲ್ಭಾಗದ ನಾಳದಲ್ಲಿ ಎಷ್ಟು ಒತ್ತಡ ಉಳಿದಿದೆ ಎಂದು ಸೂಜಿಯಿಂದ ಅಳೆಯುತ್ತಾರೆ. ಕೆಲವರು ಕಿವಿಯ ಮುಂದಿನ ಮೂಳೆಯ ಮೂಲಕ, ಶಬ್ದದಿಂದ ರಕ್ತದ ಹರಿವು ನೋಡುವ ಡಾಪ್ಲರ್ ಹಿಡಿಯುತ್ತಾರೆ, ಅದು ಹಾರಿಹೋಗುವ ಚೂರುಗಳನ್ನೂ ತೋರಿಸುತ್ತದೆ, ಆದರೆ ಕೆಲವು ವಯಸ್ಸಾದವರ ಮೂಳೆಯಲ್ಲಿ ಅದರ ಶಬ್ದ ಒಳಗೆ ಹೋಗುವುದೇ ಇಲ್ಲ. ಕುತ್ತಿಗೆಗೆ ಮಾತ್ರ ಮರಗಟ್ಟಿಸಿ ರೋಗಿಯನ್ನು ಎಚ್ಚರವಾಗಿಟ್ಟೇ ಮಾಡುವವರೂ ಇದ್ದಾರೆ. ಎದುರು ಬದಿಯ ಕೈಯಲ್ಲಿ ಒತ್ತಿದರೆ ಕೀ ಎನ್ನುವ ಆಟಿಕೆ ಕೊಟ್ಟು ಆಗಾಗ ಒತ್ತಿಸುತ್ತಾರೆ, ಮಾತನಾಡಿಸುತ್ತಾರೆ. ಅದಕ್ಕಿಂತ ನೇರವಾದ ಮಾನಿಟರ್ ಬೇರೊಂದಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. 2008ರಲ್ಲಿ ಪ್ರಕಟವಾದ ಗಾಲಾ ಎಂಬ ಅಧ್ಯಯನ 3526 ರೋಗಿಗಳಲ್ಲಿ ಎರಡೂ ಪದ್ಧತಿಗಳನ್ನು ಹೋಲಿಸಿತು. ಲಕ್ವ, ಹೃದಯಾಘಾತ, ಸಾವು ಮೂರೂ ಸೇರಿ ಪೂರ್ತಿ ಅರಿವಳಿಕೆಯಲ್ಲಿ 4.8 ಶೇಕಡಾ, ಎಚ್ಚರವಿಟ್ಟು ಮಾಡಿದಾಗ 4.5 ಶೇಕಡಾ. ವ್ಯತ್ಯಾಸ ಇಲ್ಲವೆಂದೇ ಲೆಕ್ಕ. ಎಲ್ಲರಿಗೂ ಶಂಟ್ ಇಡುವುದು ಒಳ್ಳೆಯದೋ, ಬೇಕಾದವರಿಗಷ್ಟೇ ಇಡುವುದೋ ಎಂಬ ಚರ್ಚೆಯೂ ಮುಗಿದಿಲ್ಲ. ಪದ್ಧತಿ ಯಾವುದೇ ಇರಲಿ, ಅದನ್ನು ಆರಿಸಿದ ಸರ್ಜನ್ನರು ಮತ್ತು ಅದನ್ನು ನೋಡುವ ಹೊಣೆ ಹೊತ್ತ ಒಬ್ಬರು ಇರಬೇಕು. ಯಾವುದೂ ಇಲ್ಲದೆ, ಯಾರೂ ಇಲ್ಲದೆ, ನಿದ್ರೆಯಲ್ಲಿರುವ ಮನುಷ್ಯನ ಮಿದುಳಿಗೆ ರಕ್ತ ನಿಲ್ಲಿಸುವುದನ್ನು ನಾನು ಒಪ್ಪಲಾರೆ.

ಇತ್ತೀಚೆಗೆ ಪರಿಚಯದವರ ಮಗನೊಬ್ಬ ತಂದೆಯ ಆಪರೇಷನ್ನಿನ ಎಸ್ಟಿಮೇಟನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸಿ, "ಅಕ್ಕ, ಇದರಲ್ಲಿ ಯಾವುದು ಬೇಡ ಹೇಳಿ, ಸ್ವಲ್ಪ ಕಮ್ಮಿ ಆಗಬೇಕು" ಎಂದು ಕೇಳಿದ. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಕಾಗದದಲ್ಲಿ ರೂಮಿನ ಬಾಡಿಗೆ ಇತ್ತು, ಸರ್ಜನ್ನರ ಫೀ, ಅರಿವಳಿಕೆ, ಗ್ಲವ್ಸು, ಡಯಟೀಷಿಯನ್ನಿನ ಚಾರ್ಜು ಕೂಡ ಇತ್ತು. ಇಇಜಿ ಮಾನಿಟರಿಂಗ್ ಎಂಬ ಸಾಲಿನ ಮೇಲೆ ಮಾತ್ರ ಪೆನ್ನಿನಿಂದ ಗೆರೆ ಎಳೆದಿತ್ತು. ಕೌಂಟರಿನವರು, ಇದು ಮೆಡಿಕ್ಲೇಮಿನಲ್ಲಿ ಪಾಸಾಗುವುದು ಕಷ್ಟ, ಐಚ್ಛಿಕ, ತೆಗೆದುಬಿಡಿ ಎಂದು ಹೇಳಿದ್ದರಂತೆ. ಸರ್ಜನ್ನರಿಗೆ ಈ ವಿಷಯ ಗೊತ್ತೇ ಇರಲಿಲ್ಲ. ನಾನು ಹೇಳಿದ ಮೇಲೆ ಹುಡುಗ ಹೋಗಿ ಅವರನ್ನೇ ಕೇಳಿದ, ಅವರು ಆ ಸಾಲನ್ನು ಮತ್ತೆ ಬರೆಸಿದರು. ಮಿದುಳಿನ ವಿಷಯದಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ಬಿಲ್ಲಿಂಗ್ ಕೌಂಟರಿನಲ್ಲಿ ತೀರ್ಮಾನವಾಗುವುದು ಅನ್ಯಾಯ. ವಿಮೆ ಕಂಪನಿಗಳೂ ಅವುಗಳ ಪರವಾಗಿ ಕ್ಲೇಮು ನೋಡುವ ಟಿಪಿಎಗಳೂ ಇದನ್ನು ಆಪರೇಷನ್ನಿನ ಭಾಗವೆಂದು ಎಣಿಸಬೇಕೇ ಹೊರತು ಮೇಲುಖರ್ಚು ಎಂದಲ್ಲ.

ದೊಡ್ಡ ಸಾರ್ವಜನಿಕ ಆಸ್ಪತ್ರೆಗಳ ತೊಂದರೆ ಬೇರೆ. ಅಲ್ಲಿ ಬೆಳಿಗ್ಗೆ ಒಪಿಡಿಯ ಹೊರಗೆ ಫಿಟ್ಸಿನ ಮಕ್ಕಳನ್ನು ಎತ್ತಿಕೊಂಡ ತಾಯಂದಿರ ಸಾಲು ನಿಂತಿರುತ್ತದೆ. ತಂತ್ರಜ್ಞೆಯನ್ನು ಅರ್ಧ ದಿನಕ್ಕೆ ಥಿಯೇಟರಿಗೆ ಕಳಿಸಿದರೆ ಆ ಸಾಲು ಮರುದಿನಕ್ಕೆ ಹೋಗುತ್ತದೆ. ಯಾರ ತಪ್ಪೂ ಅಲ್ಲ, ಜನ ಸಾಲದು. ಮಿದುಳಿನ ನಾಳ ಒಡೆದು ಐಸಿಯುನಲ್ಲಿರುವವರ ಸ್ಥಿತಿಯೂ ಹೀಗೇ. ಅಂಥವರಲ್ಲಿ ನಾಲ್ಕನೆಯ ದಿನದಿಂದ ಸುಮಾರು ಎರಡು ವಾರದವರೆಗೆ ನಾಳಗಳು ಸೆಟೆದುಕೊಂಡು ರಕ್ತ ಕಮ್ಮಿಯಾಗುವ ಅಪಾಯವಿದೆ. ದಿನರಾತ್ರಿ ಇಇಜಿ ಇಟ್ಟರೆ ವೇಗದ ಅಲೆ ಕುಗ್ಗಿ ನಿಧಾನದ ಅಲೆ ಏರುವುದನ್ನು ಕೈಕಾಲು ಸೋಲುವ ಮುಂಚೆಯೇ ಎಷ್ಟೋ ಸಲ ಕಾಣಬಹುದು. ಯಂತ್ರ ಹೇಗೋ ಸಿಗುತ್ತದೆ. ರಾತ್ರಿ ಎರಡು ಗಂಟೆಗೆ ಅದನ್ನು ಓದುವವರು ಸಿಗುವುದಿಲ್ಲ.

ಹಾಗಾಗಿ ನಮ್ಮ ಮಕ್ಕಳಿಗೂ ಒಂದು ಮಾತು. ಮುಂಬಯಿ ಕನ್ನಡಿಗರ ಮನೆಗಳಲ್ಲಿ ಹನ್ನೆರಡನೆಯ ತರಗತಿಯ ಸೈನ್ಸ್ ಮುಗಿಸಿ, ಎಂಬಿಬಿಎಸ್ ಸಿಗಲಿಲ್ಲವೆಂದು ಮಂಕಾಗಿ ಕೂತ ಹುಡುಗ ಹುಡುಗಿಯರನ್ನು ನಾನು ನೋಡುತ್ತಿರುತ್ತೇನೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ವಿದ್ಯೆಗೆಂದೇ ಕೋರ್ಸು ಇದೆ. 2021ರಲ್ಲಿ ಕೇಂದ್ರ ಸರಕಾರ ಆರೋಗ್ಯ ಸಹಾಯಕ ವೃತ್ತಿಗಳಿಗಾಗಿ ತಂದ ಕಾಯಿದೆಯಲ್ಲಿ ಇಇಜಿ ತಂತ್ರಜ್ಞರ ವೃತ್ತಿಯೂ ಸೇರಿದೆ. ಹಿಂದೆ ನಮ್ಮನ್ನು ವಾರ್ಡಿನಲ್ಲಿ 'ವೈರು ಅಂಟಿಸುವವರು' ಎಂದೇ ಕರೆಯುತ್ತಿದ್ದರು. ಗೌರವ ನಿಧಾನವಾಗಿ ಬರುತ್ತಿದೆ, ಕೆಲಸ ಧಾರಾಳವಾಗಿ ಇದೆ. ಮಾಟುಂಗ, ಮಾಹಿಮ್, ಕುರ್ಲಾದ ನಮ್ಮ ಸಂಘಗಳು ವಿದ್ಯಾರ್ಥಿವೇತನ ಹಂಚುವಾಗ ಇಂಜಿನಿಯರಿಂಗಿನವರ ಜೊತೆಗೆ ಇಂಥ ಕೋರ್ಸಿನವರನ್ನೂ ಕರೆಯಲಿ. ಆರೋಗ್ಯ ಶಿಬಿರ ನಡೆಸುವಾಗ ಬಿ.ಪಿ., ಶುಗರ್ ನೋಡಿ ಕಳಿಸುವುದರ ಜೊತೆಗೆ ಜೋಮು, ತೊದಲು, ಕಣ್ಣಿನ ಪರದೆ ಆಗಿತ್ತೇ ಎಂದು ಕನ್ನಡದಲ್ಲಿ, ತುಳುವಿನಲ್ಲಿ ಕೂರಿಸಿ ಕೇಳಲಿ. 'ಆಗಿತ್ತು, ಆದರೆ ಹೋಯಿತು' ಎಂಬ ಉತ್ತರ ಬಂದವರನ್ನು ಮನೆಗೆ ಬಿಡದೆ ಆ ದಿನವೇ ನ್ಯೂರಾಲಜಿಗೆ ಕಳಿಸಬೇಕು.

ಮನೆಯಲ್ಲಿ ಯಾರಿಗಾದರೂ ಈ ಆಪರೇಷನ್ ನಿಶ್ಚಯವಾಗಿದ್ದರೆ ಸಹಿ ಹಾಕುವ ಮುಂಚೆ ಸರ್ಜನ್ನರ ಹತ್ತಿರ ಕೂತು ಕೇಳಿ. ಎಚ್ಚರವಿಟ್ಟು ಮಾಡುತ್ತೀರೋ, ನಿದ್ರೆಯಲ್ಲೋ? ನಿದ್ರೆಯಲ್ಲಾದರೆ ಕ್ಲ್ಯಾಂಪ್ ಹಾಕಿದಾಗ ಮಿದುಳಿಗೆ ರಕ್ತ ಸಾಲುತ್ತಿದೆ ಎಂದು ಹೇಗೆ ತಿಳಿಯುತ್ತೀರಿ? ಎಲ್ಲರಿಗೂ ಶಂಟ್ ಇಡುತ್ತೀರೋ, ನೋಡಿ ಇಡುತ್ತೀರೋ? ನೋಡುವವರು ಯಾರು, ಅವರು ಕ್ಲ್ಯಾಂಪ್ ತೆಗೆಯುವ ತನಕ ಥಿಯೇಟರಿನಲ್ಲೇ ಇರುತ್ತಾರೋ? ಇದನ್ನು ಕೇಳಿದರೆ ಒಳ್ಳೆಯ ಸರ್ಜನ್ನರು ಸಿಟ್ಟಾಗುವುದಿಲ್ಲ. ನಾನು ಕೆಲಸ ಮಾಡಿದ ಒಳ್ಳೆಯವರೆಲ್ಲ ಕುರ್ಚಿ ಎಳೆದು ಕೂರಿಸಿ, ಕಾಗದದ ಮೇಲೆ ನಾಳದ ಚಿತ್ರ ಬರೆದು ಹೇಳಿದ್ದಾರೆ.

ಇಇಜಿ ಇಡುವುದಾದರೆ ಹಿಂದಿನ ದಿನ ಶ್ಯಾಂಪೂ ಹಾಕಿ ತಲೆ ತೊಳೆದು ಒಣಗಿಸಿ ಕಳಿಸಿ. ಎಣ್ಣೆ, ಜೆಲ್, ಹೇರ್ ಡೈ ಏನೂ ಬೇಡ. ಹಿಂದೆ ಸಣ್ಣ ಲಕ್ವ ಆಗಿದ್ದರೆ, ತಲೆಗೆ ಆಪರೇಷನ್ ಆಗಿದ್ದರೆ, ಫಿಟ್ಸಿನ ಅಥವಾ ನಿದ್ರೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಆ ಚೀಟಿಗಳನ್ನೆಲ್ಲ ತಂತ್ರಜ್ಞರ ಕೈಗೂ ಒಮ್ಮೆ ಕೊಡಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಮಾತ್ರ ಡಾಕ್ಟರು ಹೇಳದೆ ನೀವಾಗಿ ನಿಲ್ಲಿಸಬೇಡಿ.

ಇತಿ ತಮ್ಮ ವಿಶ್ವಾಸಿ,

ಒಬ್ಬ ಇಇಜಿ ತಂತ್ರಜ್ಞೆ,
ಮುಲುಂಡ್, ಮುಂಬಯಿ